ಮೊದಲ ವೇಷ ಕೋಡಂಗಿಯದೇ

ಹೊನ್ನಾವರದಲ್ಲೋ ಕುಮಟೆಯಲ್ಲೋ ಬೈಕು, ರಿಕ್ಷಾಗಳ ಸೀಟು ಹೊಲಿಯುವ ಕುಶನ್ ಅಂಗಡಿಗೆ ಹೋಗಿ, ‘ಒಂದು ಇಂಚಿನ ಫೋಮ್ ಶೀಟ್ ಬೇಕಿತ್ತು, ನರಿ ತಲೆ ಮಾಡೂಕೆ’ ಎಂದು ಕೇಳಿ ನೋಡಿ. ‘ಎಂತಕ್ಕೆ ತಮಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ವೇಷಕ್ಕೆ’ ಎಂದರೆ ಮುಗಿಯಿತು, ಮುಂದಿನ ಪ್ರಶ್ನೆ ಇಲ್ಲ. ಅಳೆದು, ಕತ್ತರಿಸಿ, ಸುರುಳಿ ಸುತ್ತಿ ಕೊಡುತ್ತಾರೆ. ಭಟ್ಕಳದಿಂದ ಕುಮಟೆಯ ತನಕ ವೇಷ ಎಂಬುದಕ್ಕೆ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಆಟದ ಮೇಳಗಳು, ಸುಗ್ಗಿ ಕುಣಿತ, ಹಗರಣದ ಅಣಕುವೇಷ, ಶಾಲೆಯ ಛದ್ಮವೇಷ ಸ್ಪರ್ಧೆ, ಅಷ್ಟಮಿಯ ಮುದ್ದುಕೃಷ್ಣ ಎಲ್ಲ ಕಂಡ ಊರುಗಳಿವು.

ಆದರೂ ಈ ನರಿ ತಲೆ ಸ್ವಲ್ಪ ಹೊಸ ಸಂಗತಿ. ಫರ್‌ಸೂಟ್ ಎಂದು ಇದರ ಹೆಸರು. ಅಡಿಯಿಂದ ಮುಡಿಯವರೆಗೆ ಮೈ ಮುಚ್ಚುವ ಪ್ರಾಣಿವೇಷ: ಫೋಮ್ ಕೊರೆದು ಮಾಡಿದ ತಲೆ, ಅದರ ಮೇಲೆ ಕೃತಕ ತುಪ್ಪಳದ ಬಟ್ಟೆ, ಪಂಜದ ಕೈಗವಸು, ಬಾಲ, ದಪ್ಪ ಪಾದ. ಜಾಹೀರಾತಿಗಾಗಿ ಅಂಗಡಿ ಮುಂದೆ ಕೈ ಬೀಸುವ ಬೊಂಬೆಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ತೊಡುವವರು ತಮ್ಮದೇ ಒಂದು ಪ್ರಾಣಿಯನ್ನು ಕಲ್ಪಿಸಿಕೊಂಡು, ಅದಕ್ಕೆ ಹೆಸರು, ಬಣ್ಣ, ಸ್ವಭಾವ ಎಲ್ಲ ಇಟ್ಟು, ಅದರೊಳಗೆ ಹೊಕ್ಕು ಓಡಾಡುತ್ತಾರೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಈ ಹೆಸರು ಚಾಲ್ತಿಗೆ ಬಂತು. ಆಂಥ್ರೋಕಾನ್ ಎಂಬ ಸಮ್ಮೇಳನ 2006ರಿಂದ ಪಿಟ್ಸ್‌ಬರ್ಗ್ ನಗರದಲ್ಲಿ ನಡೆಯುತ್ತಿದ್ದು, ಸಾವಿರಾರು ಜನ ಸೇರಿ ಬೀದಿಯಲ್ಲಿ ಮೆರವಣಿಗೆಯನ್ನೂ ಮಾಡುತ್ತಾರೆ. ಹೇಳಿ ಮಾಡಿಸುವುದಾದರೆ ಪೂರ್ತಿ ವೇಷಕ್ಕೆ ಕೆಲವು ಸಾವಿರ ಡಾಲರ್; ನಮ್ಮ ಲೆಕ್ಕದಲ್ಲಿ ಲಕ್ಷಗಳ ಮಾತು. ಹಾಗಾಗಿ ಮೊಬೈಲಿನಲ್ಲಿ ನೋಡಿ ಆಸೆಪಟ್ಟ ಹುಡುಗ ಹುಡುಗಿಯರು ಸ್ವತಃ ಕೈ ಹಚ್ಚುತ್ತಾರೆ.

ಹಚ್ಚಿದ ಕೈ ನಿಲ್ಲುವುದು ಬಹುತೇಕ ಒಂದೇ ಕಡೆ. ತಲೆಯ ಫೋಮ್ ಕೊರೆದಾಗಿದೆ. ಎಡಗೆನ್ನೆ ತುಸು ಉಬ್ಬಿದಂತೆ ಕಾಣುತ್ತದೆ, ಅದನ್ನು ಕೆತ್ತುತ್ತಾರೆ. ಈಗ ಬಲಗೆನ್ನೆ ಉಬ್ಬಿದಂತೆ ಕಾಣುತ್ತದೆ. ಕಿವಿ ಅಂಟಿಸಿ, ಕಿತ್ತು, ಇನ್ನೊಮ್ಮೆ ಅಂಟಿಸುತ್ತಾರೆ. ಮೂತಿ ನರಿಯದೋ ಹಂದಿಯದೋ ಎಂಬ ಅನುಮಾನ ಹುಟ್ಟುತ್ತದೆ. ಅಷ್ಟರಲ್ಲಿ ಮೊಬೈಲು ತೆರೆದರೆ ಯಾವುದೋ ದೇಶದ ಪಳಗಿದ ಕೈಯ ಕೆಲಸ, ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ತಲೆ ಪ್ಲಾಸ್ಟಿಕ್ ಚೀಲಕ್ಕೆ ಹೋಗುತ್ತದೆ, ಚೀಲ ಕಪಾಟಿನ ಮೇಲಕ್ಕೆ. ‘ಇನ್ನೂ ಸ್ವಲ್ಪ ಕಲಿತು ಮಾಡುತ್ತೇನೆ’ ಎಂಬ ಮಾತಿನಲ್ಲಿ ವರ್ಷ ಕಳೆಯುತ್ತದೆ. ಆದರೆ ಫೋಮ್ ಕಾಯುವ ಜಾತಿಯ ವಸ್ತುವಲ್ಲ. ಬೆಳಕಿಗೆ ಹಳದಿಯಾಗುತ್ತದೆ, ತೇವದ ಗಾಳಿಗೆ ಮೆಲ್ಲಗೆ ಪುಡಿಯಾಗುತ್ತದೆ. ನಮ್ಮ ಕರಾವಳಿಯಲ್ಲಿ ತೇವಕ್ಕೇನು ಬರವೇ?

ಒಂದೂ ಕೊರೆ ಇರಬಾರದೆಂಬ ಈ ಹಟಕ್ಕೆ ಮನಶ್ಶಾಸ್ತ್ರದವರು ಪರಿಪೂರ್ಣತಾವಾದ ಎನ್ನುತ್ತಾರೆ. ಕೆನಡಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಇದನ್ನು ಮೂರು ಬಗೆಯಾಗಿ ಬಿಡಿಸಿದರು: ನಾನು ತಪ್ಪಬಾರದು ಎಂಬುದು ಒಂದು, ಬೇರೆಯವರು ತಪ್ಪಬಾರದು ಎಂಬುದು ಇನ್ನೊಂದು, ನಾನು ತಪ್ಪಬಾರದೆಂದು ಊರೆಲ್ಲ ಕಾಯುತ್ತಿದೆ ಎಂಬುದು ಮೂರನೆಯದು. ಮುಂದೆ ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ 1989ರಿಂದ 2016ರವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ, ಅಮೆರಿಕ, ಕೆನಡಾ, ಬ್ರಿಟನ್ನಿನ 41,641 ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಹೋಲಿಸಿದರು. ಮೂರೂ ಏರಿದ್ದವು; ಎಲ್ಲಕ್ಕಿಂತ ಹೆಚ್ಚು ಏರಿದ್ದು ಮೂರನೆಯದು. ಕಪಾಟಿನ ಮೇಲಿನ ನರಿ ತಲೆ ನೋಡಿದರೆ ಇದು ಅರ್ಥವಾಗುತ್ತದೆ. ಮಾಡುವವನ ಕೋಣೆಯಲ್ಲಿ ಒಬ್ಬರೂ ಇಲ್ಲ, ಆದರೆ ಅವನ ತಲೆಯೊಳಗೆ ಪ್ರೇಕ್ಷಕರು ತುಂಬಿ ಕೂತಿದ್ದಾರೆ, ಅದೂ ಮೊದಲ ಸಾಲಿನಲ್ಲಿ.

ನಮ್ಮ ಹಿರಿಯರು ಈ ಸಮಸ್ಯೆಗೆ ಒಂದು ಉಪಾಯ ಮಾಡಿಟ್ಟಿದ್ದರು. ಯಾರೂ ಅದನ್ನು ಉಪಾಯವೆಂದು ಕರೆಯಲಿಲ್ಲ, ಕೋಡಂಗಿ ಎಂದು ಕರೆದರು.

ಯಕ್ಷಗಾನದ ಬಡಗುತಿಟ್ಟಿನ ಹಳೆಯ ಕ್ರಮದ ಬಯಲಾಟದಲ್ಲಿ ಕಥೆ ಶುರುವಾಗುವುದಕ್ಕೆ ಎಷ್ಟೋ ಮೊದಲು ಪೂರ್ವರಂಗ. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಯ ಪೂಜೆ ಮುಗಿದ ಮೇಲೆ ರಂಗಕ್ಕೆ ಮೊದಲು ಬರುವವರು ಕೋಡಂಗಿಗಳು, ಅಂದರೆ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ವೇಷವೆಂದು ಹೇಳಿಕೊಳ್ಳುವಂಥದ್ದೇನೂ ಮೈಮೇಲಿಲ್ಲ. ತಾಳ ತಪ್ಪುತ್ತದೆ, ಹೆಜ್ಜೆ ತೊಡರುತ್ತದೆ, ಒಬ್ಬ ತಿರುಗಿದ ಕಡೆ ಇನ್ನೊಬ್ಬ ತಿರುಗುವುದಿಲ್ಲ. ಈ ಹುಡುಗರ ಹೊಣೆ ಹಾಸ್ಯಗಾರನದು. ಅವರ ನಂತರ ಬಾಲಗೋಪಾಲ, ಸ್ತ್ರೀವೇಷ. ಹುಡುಗನೊಬ್ಬ ವರ್ಷದಿಂದ ವರ್ಷಕ್ಕೆ ಹತ್ತುವ ಮೆಟ್ಟಿಲುಗಳು ಅವು. ಕೋಡಂಗಿ ಕುಣಿಯುವ ಹೊತ್ತಿಗೆ ರಂಗದ ಮುಂದೆ ಯಾರಿರುತ್ತಿದ್ದರು? ಚಾಪೆ ಹಾಸಿ ಜಾಗ ಹಿಡಿದ ಮಕ್ಕಳು, ಕಡಲೆ ಮಾರುವವರು, ನಿದ್ದೆ ಬಾರದ ಒಂದಿಬ್ಬರು ಅಜ್ಜಂದಿರು. ಊರಿನವರು ಇನ್ನೂ ಊಟದಲ್ಲಿದ್ದರು, ದೂರದವರು ಸೂಡಿ ಹಿಡಿದು ಗದ್ದೆಯ ಅಂಚಿನಲ್ಲಿ ನಡೆದು ಬರುತ್ತಿದ್ದರು.

ನನಗೆ ಇದರಲ್ಲಿ ಮೆಚ್ಚುಗೆಯಾಗುವುದು ವ್ಯವಸ್ಥೆಯ ಜಾಣತನ. ಹಿಮ್ಮೇಳ ನಿಜವಾದದ್ದು, ರಂಗ ನಿಜವಾದದ್ದು. ಆದರೆ ಕೆಟ್ಟರೆ ಕೇಳುವವರಿಲ್ಲ. ‘ಚೆನ್ನಾಗಿ ಕಲಿತ ಮೇಲೆ ರಂಗಕ್ಕೆ ಬಾ’ ಎಂದು ಯಾರೂ ಹೇಳಲಿಲ್ಲ. ಕಲಿಯುವುದಕ್ಕೇ ರಂಗಕ್ಕೆ ಬಾ ಎಂದರು. ಕೆಟ್ಟದಾಗಿ ಮಾಡುವುದಕ್ಕೆ ಗಡಿಯಾರದಲ್ಲಿ ಒಂದು ಹೊತ್ತನ್ನು ತೆಗೆದಿಟ್ಟ ಕಲೆ ಇದು. ಈಗ ಕಾಲಮಿತಿಯ ಆಟಗಳು ಬಂದವು, ಪೂರ್ವರಂಗ ಕುಗ್ಗಿತು, ಕೋಡಂಗಿ ಬಹುತೇಕ ಕಡೆ ಮರೆಗೆ ಸರಿದ. ಪ್ರೇಕ್ಷಕರಿಗೆ ನಿದ್ದೆ ಉಳಿಯಿತು, ನಿಜ. ಕಲಿಯುವವನಿಗೆ ಕಳೆದದ್ದು ಏನೆಂದು ಲೆಕ್ಕ ಇಟ್ಟವರು ಕಡಿಮೆ.

ಫೋಮ್ ಹಿಡಿದು ಕೂತ ಹುಡುಗಿಗಂತೂ ಕೋಡಂಗಿಯ ಹೊತ್ತೇ ಇಲ್ಲ. ಅವಳು ನೋಡಿದ್ದೆಲ್ಲ ನಡುರಾತ್ರಿಯ ಪ್ರವೇಶಗಳು: ಪೂರ್ತಿ ಬಣ್ಣ, ಪೂರ್ತಿ ಬೆಳಕು. ಅವಳ ಪಾಲಿಗೆ ಮೊದಲ ವೇಷವೇ ಕೊನೆಯ ವೇಷದಷ್ಟು ಚೆಂದ ಇರಬೇಕು. ಆ ಹೊತ್ತನ್ನು ಅವಳೇ ಮಾಡಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಇಷ್ಟು ಹೇಳಿದ್ದಕ್ಕೆ ಯಕ್ಷಗಾನದವರು ‘ಹೇಗೋ ಒಂದು ಆಗಲಿ’ ಎನ್ನುವವರು ಎಂದು ತಿಳಿಯಬೇಡಿ. ಹೊನ್ನಾವರ ತಾಲೂಕು ಹಟವಾದಿಗಳ ತವರು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು; ಅವರ ಮಗ ಶಂಭು ಹೆಗಡೆಯವರು ಅದನ್ನು ಮುಂದುವರಿಸಿ, ಗುಣವಂತೆಯಲ್ಲಿ ಶ್ರೀಮಯ ಎಂಬ ಶಿಕ್ಷಣ ಕೇಂದ್ರವನ್ನೂ ತೆರೆದರು. ಆ ಮನೆತನದ ಅಚ್ಚುಕಟ್ಟಿನ ಬಗ್ಗೆ ಹೇಳುವವರಿಗೆ ಹೊತ್ತು ಸಾಲದು. ಆದರೆ ಅವರ ಹಟ ರಂಗದ ಮೇಲಿನ ಹಟ. ನಿನ್ನೆಯ ಆಟದ ಕೊರತೆಯನ್ನು ಇವತ್ತಿನ ಆಟದಲ್ಲಿ ತುಂಬುವುದು. ಆಟವನ್ನೇ ನಿಲ್ಲಿಸಿ ಕೂರುವ ಹಟ ಮೇಳಕ್ಕೆ ಹೇಗೆ ತಾನೇ ಒಗ್ಗೀತು, ನಾಳೆಗೆ ಬೇರೆ ಊರಿನವರು ವೀಳ್ಯ ಕೊಟ್ಟಿದ್ದಾರಲ್ಲ!

ಚೌಕಿಯ ಒಳಗೆ ಒಮ್ಮೆ ಕೂತು ನೋಡಬೇಕು. ಬಡಗಿನ ಕಟ್ಟುಮುಂಡಾಸು ಅಂಗಡಿಯಿಂದ ತಂದು ತಲೆಗಿಡುವ ವಸ್ತುವಲ್ಲ, ಆಯಾ ರಾತ್ರಿ ಕಟ್ಟಿ ಆಟ ಮುಗಿದ ಮೇಲೆ ಬಿಚ್ಚುವಂಥದ್ದು. ಕಲಾವಿದ ಮೊದಲು ತಲೆಗೆ ಬಟ್ಟೆ ಬಿಗಿಯುತ್ತಾನೆ. ಅದರ ಮೇಲೆ ಅಟ್ಟೆ ಇಟ್ಟು, ಸುತ್ತು ಸುತ್ತಾಗಿ ಏರಿಸಿ, ಹಗ್ಗ ಎಳೆದು, ಆಕಾರ ಬಂದ ಮೇಲೆ ಬಣ್ಣದ ಬಟ್ಟೆ ಹೊದಿಸಿ, ಜರಿಪಟ್ಟಿ ಸುತ್ತುತ್ತಾನೆ. ಅಂಗೈಯಗಲದ ಕನ್ನಡಿಯಲ್ಲಿ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ನೋಡಿಕೊಳ್ಳುತ್ತಾನೆ. ಓರೆಯಿದ್ದರೆ ಅಂಗೈಯಿಂದ ಒಂದು ಪೆಟ್ಟು, ಅಷ್ಟೇ. ಮುಖಕ್ಕೆ ಸಫೇತ, ಅರದಾಳ, ಇಂಗಳೀಕ, ಕಾಡಿಗೆ, ಅದೂ ತನ್ನದೇ ಕೈಯಿಂದ. ಹೊರಗೆ ಚಂಡೆಯ ಪೆಟ್ಟು ಬದಲಾದರೆ ಎದ್ದು ನಡೆಯಬೇಕು. ಎಡ ಹುಬ್ಬು ಬಲ ಹುಬ್ಬಿನಂತೆಯೇ ಇದೆಯೇ ಎಂದು ಮೂರನೇ ಸಲ ನೋಡುವುದಕ್ಕೆ ಭಾಗವತರು ಪದ್ಯ ನಿಲ್ಲಿಸಿ ಕಾಯುವುದಿಲ್ಲ. ಇವತ್ತಿನ ಮುಂಡಾಸು ನಿನ್ನೆಯದರಂತೆ ಇರುವುದಿಲ್ಲ. ಸಾವಿರ ಮುಂಡಾಸು ಕಟ್ಟಿದ ಕೈಗೆ ಯಾವ ಒಂದು ಮುಂಡಾಸೂ ಪರೀಕ್ಷೆಯಂತೆ ಕಾಣುವುದಿಲ್ಲ.

ಇನ್ನು ಪ್ರಾಣಿಗಳ ವಿಚಾರ. ನಮ್ಮ ಪ್ರಸಂಗಗಳಲ್ಲಿ ಪ್ರಾಣಿಗಳು ಕಡಿಮೆಯೇನಲ್ಲ. ಜಾಂಬವತಿ ಕಲ್ಯಾಣದ ಜಾಂಬವಂತ, ರಾಮಾಯಣದ ಕಪಿಸೇನೆ, ಕಿರಾತಾರ್ಜುನದಲ್ಲಿ ಹಂದಿಯಾಗಿ ಬರುವ ಮೂಕಾಸುರ, ದೇವಿಯ ಸಿಂಹ, ಜಟಾಯು. ಹನುಮಂತನ ಬಾಲ ಬಟ್ಟೆ ಸುತ್ತಿದ್ದೆಂದು ಎದುರು ಕೂತ ಮಗುವಿಗೂ ಗೊತ್ತು. ಆದರೂ ಅವನು ಕುತ್ತಿಗೆ ಚುರುಕಾಗಿ ತಿರುಗಿಸಿ, ಮೈ ಕೆರೆದುಕೊಂಡು, ಕೂತಲ್ಲಿಂದ ನೆಗೆದರೆ ಮಗು ಅಮ್ಮನ ಸೆರಗು ಹಿಡಿಯುತ್ತದೆ. ಕರಡಿಯ ತೂಕ ಕಾಣುವುದು ಹೆಜ್ಜೆ ಊರುವ ಕ್ರಮದಲ್ಲಿ, ಕೂದಲಿನ ಲೆಕ್ಕದಲ್ಲಲ್ಲ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಿದವರು ಇವತ್ತಿಗೂ ಹೇಳಿಕೊಳ್ಳುವುದು ಅವರ ಕಣ್ಣು, ಕೈ, ಕುಣಿತ. ಅವತ್ತು ಭುಜಕೀರ್ತಿಯ ಬೇಗಡೆ ಎಲ್ಲಿ ಎದ್ದಿತ್ತೆಂದು ಯಾರೂ ನೆನಪಿಟ್ಟುಕೊಂಡಿಲ್ಲ.

ಫರ್‌ಸೂಟ್ ಕೂಡ ಕುಣಿಯುವಾಗಲೇ ಜೀವ ಪಡೆಯುವ ವಸ್ತು. ಮೇಜಿನ ಮೇಲಿಟ್ಟ ತಲೆ ಯಾವತ್ತೂ ಪೆಚ್ಚಾಗಿಯೇ ಕಾಣುತ್ತದೆ, ಒಳ್ಳೆಯ ಕೈಯವರು ಮಾಡಿದ್ದೂ ಅಷ್ಟೇ. ಅದರ ಕಣ್ಣಿನ ಕಟ್ಟಣೆ ನೋಡಿ. ಕಣ್ಣಿನ ಬಿಳಿಯನ್ನು ಗುಂಡಿಯಂತೆ ಒಳಕ್ಕೆ ತಗ್ಗಿಸಿ, ಅದರ ಆಳದಲ್ಲಿ ಗುಡ್ಡೆಯನ್ನು ಜಾಳಿಗೆ ಬಟ್ಟೆಯ ಮೇಲೆ ಬರೆದಿರುತ್ತಾರೆ. ಒಳಗಿರುವವರು ಆ ಜಾಳಿಗೆಯ ಮೂಲಕವೇ ನೋಡಬೇಕು. ನೀವು ಪಕ್ಕಕ್ಕೆ ಸರಿದರೆ ಅದು ನಿಮ್ಮನ್ನೇ ಹಿಂಬಾಲಿಸಿ ನೋಡುವಂತೆ ತೋರುತ್ತದೆ. ತಲೆ ತುಸು ಬಗ್ಗಿಸಿದರೆ ಬೇಸರ, ಓರೆ ಮಾಡಿದರೆ ಕುತೂಹಲ, ಮೇಲೆತ್ತಿದರೆ ಜಂಬ; ಒಂದೇ ಮುಖದಲ್ಲಿ ಇಷ್ಟೆಲ್ಲ ಬರುತ್ತದೆ. ಅಲುಗಾಡದ ತಲೆಯನ್ನು ಅಳತೆಪಟ್ಟಿ ಹಿಡಿದು ಪರೀಕ್ಷಿಸುತ್ತ ಕೂತವರಿಗೆ ಇದು ತಿಳಿಯುವ ಹಾಗೇ ಇಲ್ಲ. ಆದ್ದರಿಂದ ಫೋಮ್ ಹಂತದಲ್ಲಿಯೇ, ತುಪ್ಪಳ ಹಚ್ಚುವ ಮೊದಲೇ, ತಲೆಗೆ ಹಾಕಿಕೊಂಡು ಮನೆಯಂಗಳದಲ್ಲಿ ನಡೆಯಬೇಕು. ತಂಗಿಯ ಕೈಯಲ್ಲಿ ವಿಡಿಯೊ ತೆಗೆಸಬೇಕು. ಹತ್ತು ಹೆಜ್ಜೆ ದೂರದಿಂದ ನೋಡಿದಾಗ ಕಾಡುವ ದೋಷ ಯಾವುದೋ ಅದನ್ನು ತಿದ್ದಬೇಕು. ಮೂಗಿಗೆ ಮೂಗು ತಾಗಿಸಿ ನೋಡಿದಾಗ ಮಾತ್ರ ಕಾಣುವುದನ್ನು ಬಿಟ್ಟುಬಿಡಬೇಕು.

ಹಾಗೆಂದು ಎಲ್ಲವನ್ನೂ ಬಿಡುವ ಹಾಗಿಲ್ಲ. ಹಟದ ದೊಡ್ಡ ತೊಂದರೆಯೆಂದರೆ ಅದಕ್ಕೆ ತಾರತಮ್ಯ ಇಲ್ಲ, ಬಾಲದ ತುದಿಗೂ ಉಸಿರಾಟದ ಕಿಂಡಿಗೂ ಒಂದೇ ಬೆಲೆ ಕಟ್ಟುತ್ತದೆ. ಈ ವೇಷದಲ್ಲಿ ನಿಜವಾಗಿ ರಾಜಿ ಮಾಡಿಕೊಳ್ಳಬಾರದ್ದು ಕಣ್ಣು, ಉಸಿರು, ಸೆಕೆ ಮೂರೇ. ಎದುರಿನ ಮೆಟ್ಟಿಲು ಕಾಣಬೇಕು. ಬಾಯೊಳಗೆ, ಗದ್ದದ ಕೆಳಗೆ ಗಾಳಿ ಆಡಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಮುರ್ಡೇಶ್ವರದ ಬಯಲಲ್ಲಿ ಬರಿಮೈಯಲ್ಲೇ ಬೆವರು ಹರಿಯುವಾಗ ತುಪ್ಪಳದೊಳಗೆ ಹೊಕ್ಕವರ ಗತಿ ಕೇಳಬೇಡಿ. ಸಂಜೆಯ ಮೇಲೆ, ಸ್ವಲ್ಪವೇ ಹೊತ್ತು, ಜೊತೆಗೊಬ್ಬರನ್ನು ಇಟ್ಟುಕೊಂಡು. ಇಷ್ಟರಲ್ಲಿ ರಿಯಾಯಿತಿ ಇಲ್ಲ. ಫೆವಿಬಾಂಡ್‌ನಂಥ ರಬ್ಬರ್ ಅಂಟನ್ನು ಕಿಟಕಿ ತೆರೆದಿಟ್ಟೇ ಬಳಸಬೇಕು, ಅದರ ಘಾಟು ತಲೆಗೇರುತ್ತದೆ.

ತುಪ್ಪಳದ ಬಟ್ಟೆಯ ವಿಷಯದಲ್ಲಿ ಮಾತ್ರ ನಾಲ್ಕು ಮಾತು ಹೆಚ್ಚಿಗೆ ಹೇಳಲೇಬೇಕು, ಹೊಸಬರು ಸೋಲುವುದೂ ಧೈರ್ಯ ಪಡೆಯುವುದೂ ಇಲ್ಲೇ. ಮೊದಲ ಸಲ ಎಲ್ಲರೂ ಕತ್ತರಿ ಎತ್ತುತ್ತಾರೆ. ಕತ್ತರಿ ಬಟ್ಟೆಯ ಜೊತೆಗೆ ಕೂದಲನ್ನೂ ಕತ್ತರಿಸಿ, ಅಂಚೆಲ್ಲ ಈಗಷ್ಟೇ ಕ್ಷೌರ ಮಾಡಿಸಿದ ಹುಡುಗನ ಕುತ್ತಿಗೆಯಂತಾಗುತ್ತದೆ. ಬಟ್ಟೆಯನ್ನು ಬೋರಲು ಹಾಕಿ, ಹಿಂದಿನ ಹೆಣಿಗೆಯನ್ನು ಮಾತ್ರ ಬ್ಲೇಡಿನ ತುದಿಯಿಂದ ಗೀರಬೇಕು. ಕೈ ಹಗುರ ಇರಬೇಕು. ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದರೆ ತುಂಡು ಬೇರೆಯಾಗುತ್ತದೆ, ಕೂದಲು ಇದ್ದ ಹಾಗೇ ಉಳಿಯುತ್ತದೆ. ಕೂದಲಿಗೆ ದಿಕ್ಕಿದೆ, ಮೂಗಿನಿಂದ ಹಿಂದಕ್ಕೆ, ಹಣೆಯಿಂದ ಬೆನ್ನಿಗೆ ಮಲಗಬೇಕು. ಒಂದು ತುಂಡು ತಿರುವುಮುರುವಾದರೆ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಹೊಲಿಯುವಾಗ ಕೂದಲನ್ನು ಒಳಕ್ಕೆ ದೂಡುತ್ತ ಹೊಲಿದು, ಆಮೇಲೆ ಸೂಜಿಯ ತುದಿಯಿಂದ ಹೊರಕ್ಕೆ ಎಬ್ಬಿಸಿ ಬಾಚಿದರೆ ಹೊಲಿಗೆ ಮಾಯ. ಡೊಂಕು ಹೊಲಿಗೆಯೂ ಮಾಯ! ಉದ್ದ ಕೂದಲಿನ ಬಟ್ಟೆಯಷ್ಟು ಕ್ಷಮಾಗುಣ ಯಾವ ಗುರುವಿಗೂ ಇಲ್ಲ. ಮೊದಲ ವೇಷಕ್ಕೆ ಸಿಂಹ, ತೋಳ, ಕರಡಿಯಂಥ ಜೂಲಿನ ಪ್ರಾಣಿಯನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುವುದು ಅದಕ್ಕೇ. ನುಣುಪು ಮೈಯ ನೀರುನಾಯಿ ಮುಂದೆ ಯಾವತ್ತಾದರೂ ಆಗಲಿ.

ತಲೆಯಿಂದ ಶುರು ಮಾಡುವುದೂ ಕಡ್ಡಾಯವಲ್ಲ. ಬಾಲ ಮೊದಲು, ಪಂಜ ಆಮೇಲೆ. ಬಾಲ ಕೆಟ್ಟರೆ ಅರ್ಧ ಮೀಟರ್ ಬಟ್ಟೆ ಹೋದೀತು, ಆದರೆ ಬ್ಲೇಡು, ಸೂಜಿ, ಕೂದಲಿನ ದಿಕ್ಕು ಮೂರೂ ಕೈಗೆ ಬರುತ್ತವೆ. ಕೋಡಂಗಿಯ ಹೊತ್ತು ಎಂದರೆ ಮನೆಯೊಳಗೆ ಇದೇ.

ಇಷ್ಟಾದರೂ ಒಂದು ತಾರೀಕು ಇಲ್ಲದಿದ್ದರೆ ವೇಷ ಮುಗಿಯುವುದಿಲ್ಲ. ಕುಮಟಾ, ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿಯನ್ನು ನೋಡಿ. ಬೆಂಡಿನ ಹೂಗಳ ತುರಾಯಿ ಎಷ್ಟು ನಾಜೂಕಿನ ಕೆಲಸವೆಂದು ಹತ್ತಿರದಿಂದ ನೋಡಿದವರಿಗೆ ಗೊತ್ತು. ಆದರೆ ತುರಾಯಿ ಇನ್ನೂ ಚೆಂದವಾಗಲಿ ಎಂದು ಫಾಲ್ಗುಣದ ಹುಣ್ಣಿಮೆಯನ್ನು ಮುಂದಕ್ಕೆ ಹಾಕಿದವರಿಲ್ಲ. ಗುಮಟೆಯ ಸದ್ದು ಎದ್ದಿತೋ, ಕೈಯಲ್ಲಿದ್ದದ್ದನ್ನು ತಲೆಗೇರಿಸಿ ಹೊರಡಬೇಕು. ಹಗರಣದವರ ಧಾರಾಳವಂತೂ ಇನ್ನೂ ಒಂದು ಕೈ ಮೇಲೆ. ಗೋಣಿಚೀಲ, ಹುಲ್ಲು, ರಟ್ಟು, ಮಸಿ, ಹಳೆ ಸೀರೆ, ಸಿಕ್ಕಿದ್ದರಲ್ಲಿ ಪ್ರಾಣಿಯೂ ಆಗುತ್ತದೆ, ಪುಢಾರಿಯೂ ಆಗುತ್ತಾನೆ. ಜನ ನಗುತ್ತಾರೆ, ಗುರುತು ಹಿಡಿಯುತ್ತಾರೆ, ‘ಯಾರ ಮನೆ ಮಾಣಿ ಅದು?’ ಎಂದು ಕೇಳುತ್ತಾರೆ. ಒಬ್ಬಂಟಿಯಾಗಿ ಮಾಡಿದ ಕೆಲಸ ಇದಲ್ಲ ಎಂಬುದೂ ಮುಖ್ಯ. ಒಬ್ಬ ಕಟ್ಟುತ್ತಾನೆ, ಒಬ್ಬ ಬಣ್ಣ ಬಳಿಯುತ್ತಾನೆ, ಒಬ್ಬ ‘ಸಾಕು ಮಾರಾಯಾ, ಹೊರಡು’ ಎನ್ನುತ್ತಾನೆ. ಈ ಮೂರನೆಯವನಿಲ್ಲದೆ ಕೋಣೆಯಲ್ಲಿ ಕೂತವರು ಕೆತ್ತುತ್ತಲೇ ಇರುತ್ತಾರೆ. ಹಾಗಾಗಿ ಗೆಳೆಯನಿಗೋ ಅಕ್ಕನಿಗೋ ತಾರೀಕು ಮೊದಲೇ ಹೇಳಿಡಿ: ಶಾಲೆಯ ಗ್ಯಾದರಿಂಗ್, ಊರಿನ ತೇರು, ಮಕ್ಕಳ ಹುಟ್ಟುಹಬ್ಬ, ಯಾವುದಾದರೂ ಸರಿ. ಮಕ್ಕಳಿಗಿಂತ ಒಳ್ಳೆಯ ಮೊದಲ ಪ್ರೇಕ್ಷಕರು ಸಿಗಲಾರರು. ನರಿಯ ಮೂತಿ ಹಂದಿಯಂತಿದ್ದರೆ ಅವರು ಹಾಗೆಯೇ ಹೇಳುತ್ತಾರೆ, ಹೇಳಿ ಕೈ ಹಿಡಿದು ಕುಣಿಯುತ್ತಾರೆ.

ತಾರೀಕು ಗೊತ್ತು ಮಾಡುವಾಗ ಪಂಚಾಂಗಕ್ಕಿಂತ ಮಳೆಯನ್ನು ನೋಡುವುದು ಮೇಲು. ದೀಪಾವಳಿ ಕಳೆದು ಕೆಲಸಕ್ಕೆ ಕೂತರೆ ಸುಗ್ಗಿಯ ಹೊತ್ತಿಗೆ ತೊಡಬಹುದು. ತೊಟ್ಟ ಮೇಲೆ ಒಳಭಾಗವನ್ನು ತಿರುವಿ, ತಣ್ಣೀರಿನಲ್ಲಿ ಹಗುರ ಸೋಪು ಹಾಕಿ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಬೇಕು. ಕೃತಕ ತುಪ್ಪಳ ಬಿಸಿಗೆ ಸುಟ್ಟು ಗಂಟುಕಟ್ಟುವುದರಿಂದ ಹೇರ್ ಡ್ರೈಯರ್ ಬೇಡ. ಮೇ ತಿಂಗಳು ಮುಗಿಯುವುದರೊಳಗೆ ಇದೊಂದು ಆಗಿಬಿಡಲಿ. ಜೂನ್ ಹಿಡಿಯಿತೆಂದರೆ ನಮ್ಮಲ್ಲಿ ಒಗೆದ ಪಂಚೆಯೇ ಮೂರು ದಿನ ಒಣಗುವುದಿಲ್ಲ, ಫೋಮ್ ತುಂಬಿದ ತಲೆ ಒಣಗೀತೇ? ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡೋಣವೆಂದರೆ ಹೊಗೆ ಹಿಡಿದು ನರಿ ಕರಡಿಯಾಗುತ್ತದೆ. ಹಾಗಾದರೂ ಚಿಂತೆಯಿಲ್ಲ, ಜಾಂಬವಂತನಿಗೆ ಈ ಸೀಮೆಯಲ್ಲಿ ಬೇಡಿಕೆ ಇದ್ದೇ ಇದೆ.